ಅತ್ತೆಯ ಮೂಲೆ ಮುಳುಗಿದ್ದು

ನಮ್ಮಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ನಡುವೆ ಗೋಡೆ ಎಬ್ಬಿಸುವುದಿಲ್ಲ, ಗರಗಸ ತರುತ್ತಾರೆ. ಜೊಂಡು ಕಟ್ಟಿ ತೇಲಿಸಿದ ದ್ವೀಪವನ್ನು ಈ ಅಂಚಿನಿಂದ ಆ ಅಂಚಿಗೆ ಕೊಯ್ದು, ಗೂಟದ ಹಗ್ಗ ಬಿಚ್ಚಿ, ತಮ್ಮ ಪಾಲಿನ ಅರ್ಧವನ್ನು ದೋಣಿಗೆ ಕಟ್ಟಿ ಎಳೆದುಕೊಂಡು ಹೋಗುತ್ತಾರೆ. ಬೆಳಗ್ಗೆ ಎದ್ದು ನೋಡಿದರೆ ನಿನ್ನೆಯ ನೆರೆಮನೆ ಟಿಟಿಕಾಕಾ ಸರೋವರದ ಇನ್ನೊಂದು ಮಗ್ಗುಲಲ್ಲಿ ಹೊಗೆ ಎಬ್ಬಿಸುತ್ತಿರುತ್ತದೆ. ಜೊಂಡಿನ ಮೇಲೆ ಬದುಕುವವರಿಗೆ ಇದೇನೂ ದೊಡ್ಡ ಸಂಗತಿಯಲ್ಲ, ಅದು ಬೇರೆಯವರ ಮನೆಯಲ್ಲಿ ನಡೆಯುವವರೆಗೆ.

ಆ ಸಲ ಗರಗಸ ಬಂದದ್ದು ನಮ್ಮ ಮನೆಗೆ. ನನ್ನ ಗಂಡ ಇರಿನೇಯೊ ಅದನ್ನು ಪಕ್ಕದ ದ್ವೀಪದಿಂದ ಎರವಲು ತಂದು ನಮ್ಮ ಗುಡಿಸಲಿಗೆ ಆನಿಸಿ ನಿಲ್ಲಿಸಿದ. ಎರಡೂ ತುದಿಗೆ ಹಿಡಿಯಿರುವ ಆಳುದ್ದದ ಗರಗಸ. ಮೈದುನ ದೆಲ್ಫಿನ್ ತನ್ನ ಬಾಗಿಲಲ್ಲೇ ನಿಂತು ನೋಡಿ, "ಹಲ್ಲು ಮೊಂಡಾಗಿದೆ, ಅರ ಹಾಕ್ಬೇಕು" ಅಂದ.

"ಹಾಕೋದು ನನಗೆ ಗೊತ್ತು" ಅಂದ ಇರಿನೇಯೊ.

ಆ ವಾರದಲ್ಲಿ ಅಣ್ಣತಮ್ಮ ಒಬ್ಬರಿಗೊಬ್ಬರು ಆಡಿದ್ದು ಅಷ್ಟೇ ಮಾತು. ಭಾನುವಾರ ಕೊಯ್ಯುವುದೆಂದು ನಿಶ್ಚಯವಾಗಿತ್ತು.

ದ್ವೀಪ ಹಂಚುವುದು ಕಷ್ಟವಿರಲಿಲ್ಲ. ಪಡುವಣ ಕಡೆ ನಾವು, ಮೂಡಣ ಕಡೆ ಅವರು. ಹಂದಿಗಳು ಅವರವು, ಬಾತುಗಳು ನಮ್ಮವು. ದೊಡ್ಡ ದೋಣಿ ನಮಗೆ, ಮೋಟಾರು ಅವರಿಗೆ. ಮೋಟಾರಿಲ್ಲದ ದೋಣಿಯಿಂದ ನಮಗೂ ದೋಣಿಯಿಲ್ಲದ ಮೋಟಾರಿನಿಂದ ಅವರಿಗೂ ಏನು ಉಪಯೋಗವೆಂದು ಯಾರೂ ಕೇಳಲಿಲ್ಲ. ಹಂಚಲಾಗದೆ ಉಳಿದವರು ನಮ್ಮ ಅತ್ತೆ ನಜಾರಿಯಾ. ಅವರ ಗುಡಿಸಲು ಎರಡೂ ಮನೆಗಳ ನಡುವೆ, ಬಡಗಣ ಮೂಲೆಯಲ್ಲಿತ್ತು. ಬೆಳಗಿನ ಗಂಜಿ ನಮ್ಮ ಒಲೆಯದು, ಸಂಜೆಯ ಸಾರು ನನ್ನ ಓರಗಿತ್ತಿ ಗ್ಲಾದಿಸಳ ಒಲೆಯದು. ಗರಗಸ ಹಾಯಬೇಕಾದ ಗೆರೆ ಸರಿಯಾಗಿ ಅವರ ಹಾಸಿಗೆಯ ಕೆಳಗೇ ಹೋಗುತ್ತಿತ್ತು.

"ಅವ್ವ ನಮ್ ಕಡೆ. ಹಿರೀ ಮಗ ನಾನು" ಅಂದ ಇರಿನೇಯೊ.

"ತಾಯಿ ಕಿರೀ ಮಗನ ಜೊತೆ ಇರೋದು ಪದ್ಧತಿ. ಯಾರನ್ನ ಬೇಕಾದ್ರೂ ಕೇಳು" ಅಂದ ದೆಲ್ಫಿನ್. ಅವನು ಅಣ್ಣನಿಗೆ ಹೇಳಲಿಲ್ಲ, ನೀರಿಗೆ ಹೇಳಿದ.

ಅತ್ತೆ ಬಲೆ ಹೆಣೆಯುತ್ತಿದ್ದರು. ತಲೆಯೆತ್ತದೆ, "ನನ್ನನ್ನೂ ಅದೇ ಗರಗಸದಲ್ಲಿ ಕೊಯ್ದುಬಿಡಿ. ತಲೆ ಕಡೇದು ಇರಿನೇಯೊಗಿರಲಿ, ಅವನಿಗೆ ಅದೇ ಕಮ್ಮಿ ಇರೋದು" ಅಂದರು.

ಗ್ಲಾದಿಸ್ ಕಿಸಕ್ಕನೆ ನಕ್ಕಳು. ನನಗೂ ನಗು ಬಂತು. ಆದರೆ ಅತ್ತೆಯ ಬೆರಳು ಗಂಟು ತಪ್ಪಿ, ಮತ್ತೆ ಅದೇ ಗಂಟಿಗೆ ಹಿಂದಿರುಗಿದ್ದನ್ನು ನಾನು ನೋಡಿದೆ. ಆ ಬೆರಳುಗಳು ಗಂಟು ತಪ್ಪಿದ್ದನ್ನು ನಾನು ಸೊಸೆಯಾಗಿ ಬಂದಂದಿನಿಂದ ಕಂಡಿರಲಿಲ್ಲ. ಭಾನುವಾರದೊಳಗೆ ಅವರು ಒಬ್ಬ ಮಗನನ್ನು ಆರಿಸಬೇಕಿತ್ತು, ಇನ್ನೊಬ್ಬ ತೇಲಿಹೋಗುವುದನ್ನು ನಿಂತು ನೋಡಬೇಕಿತ್ತು.

ಇಷ್ಟಕ್ಕೆಲ್ಲ ಕಾರಣ ಒದ್ದೆ ಕಾಲು. ಮಳೆಗಾಲ ಮುಗಿದಾಗಿನಿಂದ ಅತ್ತೆಯ ಮೂಲೆ ಇಳಿಯತೊಡಗಿತ್ತು. ಮೊದಲು ಹೆಜ್ಜೆಯಿಟ್ಟ ಕಡೆ ಬರೀ ತಣ್ಣಗೆ ಅನ್ನಿಸುತ್ತಿತ್ತು. ಆಮೇಲೆ ಜೊಂಡಿನ ಸಂದಿಯಿಂದ ನೀರು ಪಿಚಕ್ಕನೆ ಚಿಮ್ಮತೊಡಗಿತು. ಕೊನೆಗೆ ಅವರ ಹಾಸಿಗೆಯ ಅಂಚೇ ಒದ್ದೆಯಾಯಿತು. ಜೊಂಡು ಕೊಳೆಯುವುದು, ನೆಲ ಇಳಿಯುವುದು, ಮೇಲೆ ಹೊಸ ಜೊಂಡು ಹಾಸುವುದು, ಇವೆಲ್ಲ ನಮಗೆ ಊಟ ನಿದ್ದೆಯಷ್ಟೇ ಸಹಜ. ಆದರೆ ಉಳಿದ ದ್ವೀಪ ಗಟ್ಟಿಯಾಗಿದ್ದು ಒಂದೇ ಮೂಲೆ ಇಳಿದರೆ, ಭಾರ ಹಾಕಿದವರು ಯಾರೆಂಬ ಪ್ರಶ್ನೆ ಬರುತ್ತದೆ.

ಗ್ಲಾದಿಸ್ ಬ್ರೆಡ್ ಸುಡಲು ಮಣ್ಣಿನ ಗೂಡೊಲೆ ಕಟ್ಟಿಸಿದ್ದಳು. ಅದು ಅತ್ತೆಯ ಗುಡಿಸಲಿನ ಮೂಡಣ ಪಕ್ಕಕ್ಕೇ ಇತ್ತು. ನಾವು ಕುಡಿಯುವ ನೀರಿಗೆ ಕಪ್ಪು ಟ್ಯಾಂಕ್ ಇಟ್ಟಿದ್ದೆವು. ಅದು ಪಡುವಣ ಪಕ್ಕಕ್ಕಿತ್ತು.

"ಕಲ್ಲು, ಮಣ್ಣು, ಇಟ್ಟಿಗೆ! ಅದು ಒಲೆಯಾ, ಇಗರ್ಜಿಯಾ?" ಅಂದಿದ್ದ ನನ್ನ ಗಂಡ.

"ಅಷ್ಟು ದೊಡ್ಡ ಟ್ಯಾಂಕು! ಸುತ್ತ ಇಡೀ ಸರೋವರವೇ ಇದೆ, ಅದು ಸಾಲ್ದು ಅಂತ ಮೇಲೊಂದು ಸಣ್ಣ ಸರೋವರ ಬೇರೆ ಕಟ್ಕೊಂಡಿದಾರೆ" ಅಂದಿದ್ದ ಮೈದುನ.

ಮಾತಿಗೆ ಮಾತು ಬೆಳೆದು ಗರಗಸದವರೆಗೆ ಬಂದಿತ್ತು.

ಶುಕ್ರವಾರ ಮಧ್ಯಾಹ್ನ ನಾನು ಪ್ರವಾಸಿಗರಿಗೆ ಮಾರುವ ಬಟ್ಟೆಗೆ ಕಸೂತಿ ಹಾಕುತ್ತ, ಒಲೆ ನೋಡಿಕೊಳ್ಳುತ್ತ, ನಡುನಡುವೆ ತೂಕಡಿಸುತ್ತ ಇದ್ದೆ. ಮಗಳು ಲಿಸ್ಬೆತ್ ಶಾಲೆಯ ದೋಣಿಯಿಂದ ಇಳಿದವಳು ಚೀಲ ಎಸೆದು, ನಾನು ಬಟ್ಟೆ ಒಗೆಯುವ ಬೋಗುಣಿಗೆ ನೀರು ತುಂಬಿ, ಅದರೊಳಗೆ ರಾತ್ರಿಯ ಅಡುಗೆಗೆಂದು ತೊಳೆದಿಟ್ಟ ಆಲೂಗಡ್ಡೆ ಹಾಕತೊಡಗಿದಳು.

"ಆಲೂಗಡ್ಡೆ ತಿನ್ನೋದಕ್ಕೆ ಕಣೇ, ಈಜೋದಕ್ಕಲ್ಲ" ಅಂದೆ.

"ಇರಮ್ಮ. ವಿಲ್ಬೆರ್ ಮೇಷ್ಟ್ರು ಇವತ್ತು ತೋರಿಸಿದ್ರು. ನೋಡು, ಆಲೂಗಡ್ಡೆ ಮುಳುಗ್ತು. ಈ ತಗಡಿನ ಬಟ್ಟಲು ತೇಲ್ತು. ಈಗ ಆಲೂಗಡ್ಡೇನ ಬಟ್ಟಲೊಳಗೆ ಇಡ್ತೀನಿ. ಎರಡೂ ತೇಲ್ತವೆ! ಯಾಕೆ ಹೇಳು?"

"ಬಟ್ಟಲು ಹೊತ್ಕೊಂಡಿದೆ, ಅದಕ್ಕೆ."

"ಬಟ್ಟಲನ್ನ ಯಾರು ಹೊತ್ಕೊಂಡಿದಾರೆ?"

"ನೀರು. ಇನ್ಯಾರು?"

"ನೀರು ಎಷ್ಟು ಹೊರುತ್ತೆ?"

ಹುಟ್ಟಿದಾಗಿನಿಂದ ನೀರಿನ ಮೇಲೇ ಉಂಡು, ಮಲಗಿ, ಹೆತ್ತು ಬದುಕಿದವಳು ನಾನು. ನೀರು ಎಷ್ಟು ಹೊರುತ್ತದೆಂದು ಯಾರೂ ನನ್ನನ್ನು ಕೇಳಿರಲಿಲ್ಲ. "ಆದಷ್ಟು ಹೊರುತ್ತೆ. ಅಮ್ಮಂದಿರ ಹಾಗೆ" ಅಂದೆ.

"ಅಲ್ಲ. ಬಟ್ಟಲು ನೀರಿನ ಎಷ್ಟು ಜಾಗ ಕಿತ್ಕೊಂಡಿದೆಯೋ, ಅಷ್ಟು ಜಾಗದ ನೀರಿನ ತೂಕ ಎಷ್ಟೋ ಅಷ್ಟೇ. ಒಂಚೂರು ಹೆಚ್ಚಿಲ್ಲ. ಇನ್ನೊಂದು ಆಲೂಗಡ್ಡೆ ಇಡು. ನೋಡ್ದಾ, ಬಟ್ಟಲು ಇನ್ನಷ್ಟು ಇಳೀತು. ಇಳಿದು ಇನ್ನಷ್ಟು ಜಾಗ ಕಿತ್ಕೊಳ್ತು, ಅದಕ್ಕೇ ಇದನ್ನೂ ಹೊರೋಕಾಯ್ತು. ಇನ್ನೊಂದು ಇಡು. ಇನ್ನೂ ಒಂದು..."

ಬಟ್ಟಲಿನ ಅಂಚಿಗೆ ನೀರು ಬಂದು ಮುಟ್ಟಿತು. ನನ್ನ ಕೈಯಲ್ಲಿದ್ದ ಪುಟ್ಟ ಗಡ್ಡೆಯನ್ನು ಇಡುವುದೋ ಬೇಡವೋ ಎಂದು ನೋಡುತ್ತಿದ್ದೆ. ಕಸೂತಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಇಟ್ಟೆ. ಬಟ್ಟಲು ಸದ್ದಿಲ್ಲದೆ ಓರೆಯಾಗಿ ತಳ ಸೇರಿತು.

"ಕಿತ್ಕೊಳ್ಳೋಕೆ ಇನ್ನು ಜಾಗ ಇಲ್ಲ ಅಂದಾಗ ಗುಳುಂ!" ಅಂದಳು ಲಿಸ್ಬೆತ್. ಆಮೇಲೆ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ಸಣ್ಣ ದನಿಯಲ್ಲಿ ಕೇಳಿದಳು: "ಅಮ್ಮ, ಹಾಗಾದ್ರೆ ಭಾರ ಎಲ್ಲಿದೆ ಅಂತ ಅಳೀಬಹುದಲ್ವಾ? ದ್ವೀಪದ ಹೊಟ್ಟೆ ಎಲ್ಲಿ ಹೆಚ್ಚು ಆಳಕ್ಕೆ ಇಳಿದಿದೆಯೋ ಅಲ್ಲೇ ಭಾರ. ಟ್ಯಾಂಕಿನ ಹತ್ರ ಇದ್ರೆ ಅಪ್ಪಂದು ತಪ್ಪು. ಒಲೆ ಹತ್ರ ಇದ್ರೆ ಚಿಕ್ಕಪ್ಪಂದು. ತಪ್ಪು ಯಾರದ್ದು ಅಂತ ಗೊತ್ತಾದ್ರೆ ಅದೊಂದನ್ನ ತೆಗೆದ್ರೆ ಸಾಕು. ಅಜ್ಜಿನ ಯಾಕೆ ಕೊಯ್ಯಬೇಕು?"

ನಾನು ಎದ್ದು ನೇರ ಗ್ಲಾದಿಸಳ ಬಳಿಗೆ ಹೋದೆ. ಗಂಡಂದಿರು ಮಾತು ಬಿಟ್ಟಿದ್ದರೂ ನಮ್ಮಿಬ್ಬರಿಗೆ ಅದು ಸಾಧ್ಯವಿರಲಿಲ್ಲ. ಉಪ್ಪು ಅವಳಲ್ಲಿರುತ್ತಿತ್ತು, ಬೆಂಕಿಕಡ್ಡಿ ನನ್ನಲ್ಲಿರುತ್ತಿತ್ತು. ಅವಳು ಹಿಟ್ಟು ನಾದುತ್ತ ಎಲ್ಲ ಕೇಳಿದಳು.

"ಅಕ್ಕ, ನನ್ನ ಒಲೇದೇ ತಪ್ಪು ಅಂತ ಬಂದ್ರೆ?"

"ಒಡೀತೀಯಾ?"

ಅವಳು ಒಲೆಯ ಕಡೆ ನೋಡಿದಳು. ಎರಡು ವರ್ಷ ಬ್ರೆಡ್ ಮಾರುವ ಕನಸು ಕಂಡು ಕಟ್ಟಿಸಿದ ಒಲೆ. "ಒಡೀತೀನಿ. ಅತ್ತೆ ಇಲ್ದಿದ್ರೆ ಬ್ರೆಡ್ ಸೀದಿದೆ ಅಂತ ನನಗೆ ಬಯ್ಯೋರು ಯಾರು? ಟ್ಯಾಂಕಿಂದು ಅಂತ ಬಂದ್ರೆ?"

"ನಾನೇ ತೂತು ಹೊಡೀತೀನಿ."

"ಭಾವ ಸುಮ್ನಿರ್ತಾರಾ?"

"ಅವನಿಗೂ ಒಂದು ತೂತು ಹೊಡೆದ್ರಾಯ್ತು."

ಇಬ್ಬರೂ ಹಿಟ್ಟಿನ ಕೈಯಲ್ಲೇ ನಕ್ಕೆವು. ಹೀಗೆ ನಮ್ಮ ಒಪ್ಪಂದವಾಯಿತು.

ಶನಿವಾರ ಬೆಳಗ್ಗೆ ಗಂಡಸರಿಬ್ಬರೂ ಒಲ್ಲೆನೆನ್ನುತ್ತಲೇ ಅಳತೆಗೆ ಬಂದರು. ತಪ್ಪು ಇನ್ನೊಬ್ಬನದೆಂದು ಸಾಬೀತಾಗುವುದನ್ನು ನೋಡುವ ಆಸೆ ಇಬ್ಬರಿಗೂ ಇತ್ತು. ಲಿಸ್ಬೆತ್ ಜೊಂಡು ಎಳೆಯುವ ಕೊಕ್ಕೆಕೋಲು ತಂದಳು. ಅದನ್ನು ದ್ವೀಪದ ಅಂಚಿನಲ್ಲಿ ನೇರ ನೀರಿಗಿಳಿಸಿ, ಕೊಕ್ಕೆಯನ್ನು ಒಳಗೆ ತಿರುಗಿಸಿ, ತಳಕ್ಕೆ ತಾಗುವ ತನಕ ಮೇಲೆತ್ತಬೇಕು. ಆಗ ನೀರು ಕೋಲಿಗೆ ಮುಟ್ಟಿದ ಕಡೆ ಉಣ್ಣೆಯ ದಾರ ಕಟ್ಟಬೇಕು. ಕೊಕ್ಕೆಯಿಂದ ದಾರದವರೆಗಿನ ಉದ್ದವೇ ಆ ಜಾಗದಲ್ಲಿ ದ್ವೀಪ ಇಳಿದಿರುವ ಆಳ.

ಮೊದಲು ಟ್ಯಾಂಕಿನ ಪಕ್ಕ. ಕೆಂಪು ದಾರ ಕಟ್ಟಿದ್ದಾಯಿತು. "ಈಗ ಟ್ಯಾಂಕ್ ಖಾಲಿ ಮಾಡಿ" ಅಂದಳು.

"ಖಾಲಿ ಮಾಡೋದಾ? ಪುನೋ ಪೇಟೆಯಿಂದ ತಂದ ನೀರು!" ಅಂದ ಇರಿನೇಯೊ.

"ಭಾರ ತೆಗೆದ್ರೆ ಎಷ್ಟು ಏಳುತ್ತೆ ಅಂತ ನೋಡ್ಬೇಕಲ್ಲ ಅಪ್ಪ."

"ಅಣ್ಣನಿಗೆ ಭಯ" ಅಂತ ದೆಲ್ಫಿನ್ ಹೆಂಡತಿಗೆ ಹೇಳಿದ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ.

ಇರಿನೇಯೊ ನಲ್ಲಿ ತಿರುಗಿಸಿದ. ಮನೆಯ ಪಾತ್ರೆಗಳೆಲ್ಲ ತುಂಬಿ, ದ್ವೀಪದ ಆಚೆ ಅಂಚಿಗೆ ಕಟ್ಟಿದ್ದ ದೋಣಿ ಸೇರಿದವು. ಮತ್ತೆ ಕೋಲು ಇಳಿಸಿದರೆ ದಾರ ನೀರಿನಿಂದ ಒಂದು ಬೆರಳಷ್ಟು ಮೇಲೆದ್ದಿತ್ತು, ಅಷ್ಟೇ. ನನ್ನ ಗಂಡ ಎದೆಯುಬ್ಬಿಸಿ ನಿಂತ.

ಆಮೇಲೆ ಗೂಡೊಲೆಯ ಪಕ್ಕ ಅಳೆದು ನೀಲಿ ದಾರ ಕಟ್ಟಿದ್ದಾಯಿತು. ಒಲೆಯನ್ನು ಎತ್ತಲಾಗದು. ಲಿಸ್ಬೆತ್ ಯೋಚಿಸಿ, "ತೆಗೆಯೋಕಾಗದಿದ್ರೆ ಸೇರಿಸೋಣ. ಇನ್ನೊಂದು ಒಲೆಯಷ್ಟು ಭಾರ ಹಾಕಿ ಎಷ್ಟು ಇಳಿಯುತ್ತೆ ನೋಡೋಣ. ಎಲ್ರೂ ಒಲೆ ಸುತ್ತ ನಿಂತ್ಕೊಳ್ಳಿ" ಅಂದಳು. ನಿಂತೆವು. ಸಾಲದು ಅಂದಳು. ದೆಲ್ಫಿನ್ ದೊಡ್ಡ ಹಂದಿಯನ್ನು ಅಪ್ಪಿಕೊಂಡು ತಂದ.

"ಹತ್ರ ಬಾ" ಅಂದ ಇರಿನೇಯೊ. ವಾರದ ಮೇಲೆ ತಮ್ಮನ ಜೊತೆ ಆಡಿದ ಮೊದಲ ಮಾತು. "ನಿನಗಲ್ಲ, ಹಂದಿಗೆ ಹೇಳಿದ್ದು" ಅಂತ ಕೂಡಲೇ ಸೇರಿಸಿದ.

"ಅದಕ್ಕೂ ನಿನ್ನ ಪಕ್ಕ ನಿಲ್ಲೋಕೆ ಇಷ್ಟ ಇಲ್ಲ, ನೋಡು ಹೇಗೆ ಒದೀತಿದೆ."

ಅಷ್ಟು ಜನ, ಅಷ್ಟು ದೊಡ್ಡ ಹಂದಿ, ಹಂದಿಗೆ ಬಯ್ಯುತ್ತ ಕೋಲು ಊರಿ ನಿಂತ ಅತ್ತೆ. ನೀಲಿ ದಾರ ನೀರಿನಲ್ಲಿ ಇಳಿದದ್ದು ಬೆರಳುದ್ದವೂ ಅಲ್ಲ, ಬೆರಳಗಲ.

"ಒಲೇನೂ ಅಲ್ಲ, ಟ್ಯಾಂಕೂ ಅಲ್ಲ" ಅಂದಳು ಲಿಸ್ಬೆತ್. ಅವಳ ಮುಖ ಸಪ್ಪಗಾಗಿತ್ತು. ತಪ್ಪು ಒಬ್ಬರದಾದರೂ ಆಗಿದ್ದರೆ ದಾರಿಯಿತ್ತು.

ಉಳಿದದ್ದು ಅತ್ತೆಯ ಮೂಲೆ. ಕೋಲು ಇಳಿಸಿದಳು. ಕೊಕ್ಕೆ ತಿರುಗಿಸಿದಳು. ಅದು ಬದಿಗೇ ಬಡಿಯಿತು, ತಳ ಸಿಗಲಿಲ್ಲ. ಇನ್ನೂ ಇಳಿಸಿದಳು. ಇರಿನೇಯೊ ಕೋಲು ಇಸಿದುಕೊಂಡು ಮಂಡಿಯೂರಿ, ಮೊಳಕೈವರೆಗೆ ನೀರಿಗೆ ಕೈ ಹಾಕಿದ. ಕೊಕ್ಕೆ ತಳಕ್ಕೆ ತಾಗಿದಾಗ ಅವನ ತೋಳೇ ಒದ್ದೆಯಾಗಿತ್ತು. ಉಳಿದ ಕಡೆಗಳಿಗಿಂತ ಎರಡು ಮೊಳ ಹೆಚ್ಚು ಆಳ.

"ಅವ್ವಾ, ಒಳಗೆ ಏನು ಬಚ್ಚಿಟ್ಟಿದೀಯಾ?" ಅಂದ.

"ನನ್ನ ಲಂಗಗಳು" ಅಂದರು ಅತ್ತೆ. "ಮದುವೇಲಿ ಕೊಟ್ಟದ್ದರಿಂದ ಹಿಡಿದು ಎಲ್ಲ ಇವೆ. ಬೇಕಾದ್ರೆ ತೂಗಿ ನೋಡಿ."

ಲಿಸ್ಬೆತ್ ನಗಲಿಲ್ಲ. ಅವಳು ಒಂದು ಕಡ್ಡಿ ತಂದು, ಅಜ್ಜಿಯ ಬಾಗಿಲ ಮುಂದೆ ಜೊಂಡಿನೊಳಗೆ ಚುಚ್ಚಿದಳು. ನಮ್ಮ ನೆಲದ ಕೆಳಗೆ ಇರುವುದು ಖಿಲಿ, ಅಂದರೆ ಜೊಂಡಿನ ಬೇರುಗಳ ದಪ್ಪ ಹೆಂಟೆಗಳು. ತೇಲುವುದು ಅವು. ಅವುಗಳ ಮೇಲೆ ನಾವು ಹಾಸುವ ಜೊಂಡು ಕಾಲು ಒಣಗಿರಲೆಂದು ಮಾತ್ರ. ನಮ್ಮ ಬಾಗಿಲಲ್ಲಿ ಚುಚ್ಚಿದರೆ ಕಡ್ಡಿ ತೊಡೆಯಷ್ಟು ಇಳಿದು ಖಿಲಿಗೆ ತಾಗಿ ನಿಲ್ಲುತ್ತದೆ. ಇಲ್ಲಿ ಇಳಿಯಿತು, ಇಳಿಯಿತು, ಅವಳ ಮುಷ್ಟಿ ಜೊಂಡಿಗೆ ಮುಟ್ಟುವವರೆಗೂ ಇಳಿಯಿತು.

"ಇಲ್ಲಿ ಜೊಂಡೇ ಎರಡರಷ್ಟಿದೆ" ಅಂದಳು. "ಎಲ್ಲ ನೀರು ಕುಡಿದು ಕೂತಿದೆ. ಇದೇ ಭಾರ. ಯಾರು ಹಾಕಿದ್ದು ಇಷ್ಟು?"

ನನ್ನ ಗಂಡ ಟೋಪಿ ಸರಿಮಾಡಿಕೊಂಡ.

"ನಾನು ಹಾಕ್ತಿದ್ದೆ. ಅವ್ವನ ಕಾಲು ಒದ್ದೆ ಆಗುತ್ತಲ್ಲ ಅಂತ."

"ಯಾವಾಗ?" ಅಂದೆ ನಾನು. ನನಗೇ ಗೊತ್ತಿರಲಿಲ್ಲ.

"ಬೆಳಗ್ಗೆ. ಇವನು ಮೀನಿಗೆ ಹೋದ್ಮೇಲೆ. ದಿನಕ್ಕೊಂದು ಕಟ್ಟು. ಇವನಂತೂ ಒಂದು ಕಡ್ಡಿ ತಂದು ಹಾಕಲ್ಲ, ಯಾರಾದ್ರೂ ಮಾಡ್ಬೇಕಲ್ಲ."

ದೆಲ್ಫಿನ್ ತೋಳಲ್ಲಿದ್ದ ಹಂದಿಯನ್ನು ಕೆಳಗಿಟ್ಟ. "ನಾನು ಹಾಕಲ್ವಾ? ದಿನಾ ಸಂಜೆ ಎರಡು ಕಟ್ಟು ಹಾಕ್ತಿದ್ದೆ! ನೀನು ಪುನೋದಿಂದ ಬರೋದ್ರೊಳಗೆ. ನೀನು ಹಾಕಲ್ಲ ಅಂತಾನೇ ನಾನು ಎರಡು ಹಾಕಿದ್ದು!"

"ಎರಡಾ?"

"ಎರಡು. ಹಸೀ ಜೊಂಡು, ದಪ್ಪ ನೋಡಿ ಕೊಯ್ದು."

ಮೂಲೆ ಇಳಿದಷ್ಟೂ ಇಬ್ಬರೂ ಹಾಕಿದ್ದರು, ಹಾಕಿದಷ್ಟೂ ಅದು ಇಳಿದಿತ್ತು. ಅವ್ವನ ಕಾಲು ಒದ್ದೆಯಾಗಬಾರದೆಂದು ಇಬ್ಬರು ಮಕ್ಕಳು ಸೇರಿ ಅವ್ವನನ್ನು ಮುಳುಗಿಸುತ್ತಿದ್ದರು. ಗ್ಲಾದಿಸ್ ಬಾಯಿಗೆ ಶಾಲು ಅಡ್ಡ ಹಿಡಿದಳು. ನನಗೆ ನಗಬೇಕೋ ಆ ಇಬ್ಬರ ತಲೆ ಹಿಡಿದು ಡಿಕ್ಕಿ ಹೊಡೆಸಬೇಕೋ ತಿಳಿಯಲಿಲ್ಲ.

ಅಣ್ಣತಮ್ಮ ಒಟ್ಟಿಗೇ ತಾಯಿಯ ಕಡೆ ತಿರುಗಿದರು. "ಅವ್ವಾ! ನಿನಗೆ ಗೊತ್ತಿರ್ಲಿಲ್ವಾ?"

"ಗೊತ್ತಿಲ್ದೆ ಏನು? ನನ್ನ ಬಾಗಿಲಲ್ಲೇ ಅಲ್ವಾ ಹಾಕಿದ್ದು."

"ಮತ್ತೆ ಹೇಳೋಕೇನಾಗಿತ್ತು?"

ಅತ್ತೆ ಜೊಂಡಿನ ಮೇಲೆ ಕುಕ್ಕರುಗಾಲಲ್ಲಿ ಕೂತರು. "ಬೆಳಗ್ಗೆ ಇವನು ಬರ್ತಿದ್ದ. ಜೊಂಡು ಹಾಸಿ, ಕೂತು, ಎರಡು ಎಲೆ ಕೋಕಾ ಅಗಿದು, ಅವ್ವ ನಿದ್ದೆ ಬಂತಾ ಅಂತ ಕೇಳ್ತಿದ್ದ. ಸಂಜೆ ಅವನು ಬರ್ತಿದ್ದ. ಅವನೂ ಹಾಸಿ, ಕೂತು, ಮೀನು ಸಿಕ್ಕಿದ್ದು ಸಿಗದೇ ಇದ್ದದ್ದು ಎಲ್ಲ ಹೇಳ್ತಿದ್ದ. ಇಬ್ರೂ ಹಾಕ್ತಿದೀರಿ ಅಂದ್ರೆ ಒಬ್ಬ ನಿಲ್ಲಿಸ್ತಿದ್ದ. ಯಾವನಿಗೆ ಬರಬೇಡ ಅನ್ಲಿ ನಾನು?"

ಇರಿನೇಯೊ ಬಗ್ಗಿ ಜೊಂಡಿನ ಕಡ್ಡಿಯೊಂದನ್ನು ಸುಮ್ಮನೆ ಮುರಿದ. ದೆಲ್ಫಿನ್ ಹಂದಿಯ ಕಿವಿ ಕೆರೆದ. ಅಷ್ಟೊತ್ತಿಗೆ ಗರಗಸದ ಮಾತು ಮುಗಿದಂತೆ ನನಗೆ ಕಂಡಿತು. ಹೆಚ್ಚಿನ ಜೊಂಡು ತೆಗೆದರಾಯಿತಲ್ಲ!

ತೆಗೆದೆವು. ಮಧ್ಯಾಹ್ನದವರೆಗೆ ಐವರೂ ಸೇರಿ ಕಪ್ಪಾಗಿ ಕೊಳೆತ, ನೀರು ತೊಟ್ಟಿಕ್ಕುವ ಜೊಂಡನ್ನು ಕೈಯಲ್ಲಿ ಬಾಚಿ ದೋಣಿಗೆ ತುಂಬಿದೆವು. ಬೆನ್ನು ಬಿದ್ದುಹೋಯಿತು. ಮೂಲೆ ಎದ್ದಿತು, ಆದರೆ ಅರ್ಧ ಮಾತ್ರ. ಅತ್ತೆಯ ಬಾಗಿಲಲ್ಲಿ ಕಾಲಿಟ್ಟರೆ ಇನ್ನೂ ಪಿಚಕ್ಕೆನ್ನುತ್ತಿತ್ತು.

ಲಿಸ್ಬೆತ್ ಮತ್ತೆ ಬೋಗುಣಿ ತಂದಳು. ನಮ್ಮ ಕಡೆಯ ಅಂಚಿನಿಂದ ಖಿಲಿಯ ಒಂದು ತುಂಡು ಕಿತ್ತಳು, ಅಜ್ಜಿಯ ಮೂಲೆಯಿಂದ ಅಷ್ಟೇ ದೊಡ್ಡದೊಂದು ಕಿತ್ತಳು. ಎರಡನ್ನೂ ನೀರಿಗೆ ಹಾಕಿದಳು. ನಮ್ಮದು ಬಾತಿನ ಮರಿಯಂತೆ ಮೇಲೆದ್ದು ಕೂತಿತು. ಅಜ್ಜಿಯದು ಮೂಗಿನವರೆಗೆ ಮುಳುಗಿ ಹಾಗೇ ನಿಂತಿತು.

"ಗಾತ್ರ ಒಂದೇ, ಕಿತ್ಕೊಳ್ಳಬಹುದಾದ ಜಾಗಾನೂ ಒಂದೇ" ಅಂದಳು. "ಆದ್ರೂ ಇದಕ್ಕೆ ಆಗ್ತಿಲ್ಲ. ಯಾಕಂದ್ರೆ..." ನಮ್ಮ ತುಂಡನ್ನು ನೀರೊಳಗೆ ಹಿಂಡಿದಳು. ಬೇರುಗಳ ಸಂದಿಯಿಂದ ಗುಳ್ಳೆಗಳು ಬುಳುಬುಳು ಎದ್ದವು. ಅಜ್ಜಿಯ ತುಂಡನ್ನು ಹಿಂಡಿದಳು. ಒಂದು ಗುಳ್ಳೆಯೂ ಬರಲಿಲ್ಲ, ನೀರು ಕಂದಾಯಿತು. "ಅದರೊಳಗೆ ಗಾಳಿ ಇದೆ, ಅದಕ್ಕೇ ಹಗುರ. ಇದ್ರೊಳಗೆ ಗಾಳಿ ಹೋಗಿ ನೀರು ತುಂಬಿದೆ. ಅಜ್ಜಿ, ಇದು ತುಂಬಾ ಹಳೇದು. ಜೊಂಡು ಎಷ್ಟು ತೆಗೆದ್ರೂ ಇದು ಏಳಲ್ಲ."

ಆ ಖಿಲಿ ಏನೆಂದು ಲಿಸ್ಬೆತ್ ಒಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಈಗಿಲ್ಲದ ನಮ್ಮ ಮಾವ ಅತ್ತೆಯನ್ನು ಮದುವೆಯಾಗಿ ಕರೆತಂದಾಗ, ತನ್ನ ಅಪ್ಪನ ದ್ವೀಪದಲ್ಲಿ ಜಾಗವಿಲ್ಲದೆ, ತಾನೇ ಕೊಯ್ದು ತಂದು ಕಟ್ಟಿದ ಮೊದಲ ಹೆಂಟೆಗಳು ಅವು. ಆ ಮೂಲೆಯಷ್ಟೇ ಆಗ ಇಡೀ ದ್ವೀಪ. ಒಂದು ಗುಡಿಸಲು, ಒಂದು ಒಲೆ, ಇಬ್ಬರು. ಉಳಿದದ್ದೆಲ್ಲ ಆಮೇಲೆ ಸೇರಿಸಿದ್ದು. ಬೇರೆ ಕಡೆಯ ಖಿಲಿಗಳನ್ನು ಒಂದೊಂದಾಗಿ ಬದಲಿಸಿದ್ದರೂ ಆ ಮೂಲೆಗೆ ಕೈ ಹಾಕಲು ಅತ್ತೆ ಬಿಟ್ಟಿರಲಿಲ್ಲ.

"ಅದಿರಲಿ ಬಿಡಿ" ಅಂದ ಇರಿನೇಯೊ. "ಅವ್ವನ ಮನೆ ಬೇರೆ ಕಡೆ ಎತ್ತಿಡೋಣ. ಮೂಲೆ ತನ್ನಷ್ಟಕ್ಕೆ ಇರಲಿ."

"ಇದ್ರೆ ಪಕ್ಕದ್ದನ್ನೂ ಕೆಳಗೆ ಎಳೀತದೆ ಅಪ್ಪ" ಅಂದಳು ಲಿಸ್ಬೆತ್. "ಎಲ್ಲ ಹಗ್ಗದಲ್ಲಿ ಕಟ್ಟಿದೆಯಲ್ಲ."

ನಾನು ಅವಳ ತೋಳು ಚಿವುಟಿದೆ. ಅತ್ತೆ ನೋಡಿದರು. "ಅವಳನ್ನ ಚಿವುಟಬೇಡ. ನಿಜ ಹೇಳಿದ್ದಕ್ಕೆ ಚಿವುಟಿದ್ರೆ ನಾಳೆ ಸುಳ್ಳು ಹೇಳ್ತಾಳೆ." ಆಮೇಲೆ ಬೋಗುಣಿ ಹತ್ತಿರಕ್ಕೆ ಎಳೆದುಕೊಂಡರು. "ಇನ್ನೊಂದ್ಸಲ ಮಾಡಿ ತೋರ್ಸು."

ಲಿಸ್ಬೆತ್ ತೋರಿಸಿದಳು. ಅತ್ತೆಗೆ ಅಷ್ಟು ಸಾಕಾಗಲಿಲ್ಲ. ತೋಳು ಮೇಲೇರಿಸಿ ತಾವೇ ಆ ತುಂಡನ್ನು ತೆಗೆದುಕೊಂಡು ನೀರೊಳಗೆ ಹಿಂಡಿದರು, ಬಿಟ್ಟರು, ಮತ್ತೆ ಹಿಂಡಿದರು. ಗುಳ್ಳೆ ಬರುತ್ತದೇನೋ ಎಂದು ನಾವೆಲ್ಲ ಬಗ್ಗಿ ನೋಡುತ್ತಿದ್ದೆವು. ಬರಲಿ ಎಂದು ನಾನು ಬೇಡಿಕೊಂಡೆ. ಬರಲಿಲ್ಲ.

"ಮುಗೀತು ಇದರ ಉಸಿರು" ಅಂದರು. "ಇಷ್ಟು ವರ್ಷ ಹೊತ್ತಿದ್ದೇ ಹೆಚ್ಚು. ನಿಮ್ಮಪ್ಪ ಕೊಯ್ಯೋವಾಗ ನಾನು ಬೈದಿದ್ದೆ ಗೊತ್ತಾ? ಇಷ್ಟು ಸಣ್ಣದು ತಂದಿದೀಯಲ್ಲ, ಇದರ ಮೇಲೆ ಮಕ್ಕಳನ್ನ ಎಲ್ಲಿ ಮಲಗಿಸೋದು ಅಂತ." ಲಂಗಕ್ಕೆ ಕೈ ಒರೆಸಿಕೊಂಡರು. "ಆ ಗರಗಸಕ್ಕೆ ಅರ ಹಾಕಿದೀರಾ ಇಲ್ವಾ?"

"ಹಾಕಿದೀನಿ ಅವ್ವ" ಅಂದ ಇರಿನೇಯೊ.

"ಹಾಗಾದ್ರೆ ನಾಳೆ ಕೊಯ್ರಿ. ನನ್ನ ಮೂಲೆ ಕೊಯ್ರಿ. ಬೇರೇದೇನೂ ಮುಟ್ಟಿದ್ರೋ, ನಾನೇ ಆ ತುಂಡಿನ ಮೇಲೆ ಕೂತು ಹೊರಟುಹೋಗ್ತೀನಿ."

ಭಾನುವಾರ ಅತ್ತೆಯ ಗುಡಿಸಲನ್ನು ಎತ್ತಿ ದ್ವೀಪದ ನಡುವೆ ಇಟ್ಟೆವು. ಜೊಂಡಿನ ಮನೆಗೆ ತಳವಿಲ್ಲ, ಬರೀ ಗೋಡೆ, ಸೂರು; ಮೂಲೆಗೊಬ್ಬರು ಹಿಡಿದರೆ ಏಳುತ್ತದೆ. ಅತ್ತೆ ಸಣ್ಣ ದೋಣಿಯಲ್ಲಿ ಕೂತು, ನೀರಿಗೆ ನಾಲ್ಕು ಹನಿ ಹೆಂಡ ಚಿಮುಕಿಸಿ, ಕೈಕಟ್ಟಿ ನೋಡತೊಡಗಿದರು. ಅಣ್ಣತಮ್ಮ ಗರಗಸದ ಎರಡು ತುದಿ ಹಿಡಿದರು.

"ಎಳೆಯೋವಾಗ ಎಳಿ. ತಳ್ಳಬೇಡ, ಹಲ್ಲು ಸಿಕ್ಕಿಕೊಳ್ಳುತ್ತೆ" ಅಂದ ಅಣ್ಣ.

"ನಾನು ಎಳೀತಾನೇ ಇದೀನಿ. ನೀನು ಆ ಕಡೆ ನೇತಾಡ್ತಿದೀಯಾ."

"ನೇತಾಡ್ತಿದೀನಾ? ಸಣ್ಣವನಿದ್ದಾಗ ನಿನಗೆ 'ಹಗ್ಗ ಹಿಡಿ' ಅಂದ್ರೆ ಹಗ್ಗದ ಜೊತೆ ನೀರಿಗೆ ಬೀಳ್ತಿದ್ದೆ!"

"ತಳ್ಳಿದ್ದು ಯಾರು ಅಂತ ಅವ್ವನಿಗೆ ಹೇಳ್ಲಾ?"

"ನನಗೆ ಗೊತ್ತು" ಅಂದರು ಅತ್ತೆ ದೋಣಿಯಿಂದ. "ಕೆಲಸ ಮಾಡ್ರೋ."

ಸಂಜೆ ಬಿಸಿಲಿಗೆ ಕೊನೆಯ ಬೇರು ಹರಿಯಿತು. ಸದ್ದೇನೂ ಆಗಲಿಲ್ಲ. ಕಡಿದ ಅಂಚು ಮಾತ್ರ, ಹೊರೆ ಇಳಿಸಿದ ಹೆಂಗಸು ಬೆನ್ನು ನೆಟ್ಟಗೆ ಮಾಡಿಕೊಳ್ಳುವ ಹಾಗೆ, ಮೆಲ್ಲನೆ ಮೇಲೆದ್ದಿತು. "ಎದ್ದಿತು! ಎದ್ದಿತು!" ಎಂದು ಲಿಸ್ಬೆತ್ ಕುಣಿದಳು. ಮಾವನ ತುಂಡು ಮುಳುಗಲಿಲ್ಲ. ನೀರಿನ ಮಟ್ಟಕ್ಕೆ ನಿಂತು, ಮಕ್ಕಳಿಬ್ಬರು ಕೋಲಿನಿಂದ ತಳ್ಳಿದ ಕಡೆಗೆ, ಜೊಂಡಿನ ಪೊದೆಗಳತ್ತ ಹೊರಟಿತು. ಅತ್ತೆ ದೋಣಿಯಲ್ಲಿ ಅದರ ಹಿಂದೆ ಸ್ವಲ್ಪ ದೂರ ಹೋದರು. ನಾವು ಯಾರೂ ಕರೆಯಲಿಲ್ಲ. ಸ್ವಲ್ಪ ಹೊತ್ತಿಗೆ ತಾವೇ ಹುಟ್ಟು ಹಾಕಿಕೊಂಡು ಬಂದರು. ಲಂಗ ಮಂಡಿಯವರೆಗೆ ಒದ್ದೆಯಾಗಿತ್ತು. ಅದರ ಮೇಲೆ ಒಮ್ಮೆ ಹತ್ತಿ ಇಳಿದಿರಬೇಕು. ನೇರ ತಮ್ಮ ಗುಡಿಸಲಿಗೆ ಹೋದರು.

ಈಗ ಅದನ್ನು ಎಲ್ಲಿಡುವುದು? ಇಬ್ಬರು ಮಕ್ಕಳೂ ಬಾಗಿಲ ಎರಡು ಪಕ್ಕ ನಿಂತರು. ಇಬ್ಬರ ಮುಖವೂ ಮತ್ತೆ ಬಿಗಿಯುತ್ತಿತ್ತು. ನಾನೂ ಗ್ಲಾದಿಸಳೂ ಮುಖ ಮುಖ ನೋಡಿಕೊಂಡೆವು.

"ಲಿಸ್ಬೆತ್" ಎಂದು ಒಳಗಿಂದ ಅತ್ತೆ ಕೂಗಿದರು. "ನಾನು ಎಲ್ಲಿ ನಿಂತ್ರೆ ಯಾರೂ ಮುಳುಗಲ್ಲ?"

"ಎಲ್ಲಿ ಬೇಕಾದ್ರೂ ನಿಲ್ಲು ಅಜ್ಜಿ. ನೀನು ಹಂದಿಗಿಂತ ಹಗುರ."

"ಕೇಳಿದ್ರೇನ್ರೋ? ನಾನು ಹಗುರವಂತೆ. ಚಳಿ ಮುಗಿಯೋವರೆಗೆ ಗ್ಲಾದಿಸಳ ಒಲೆ ಪಕ್ಕ ಇಡಿ, ಅಲ್ಲಿ ಬೆಚ್ಚಗಿದೆ. ಬಿಸಿಲು ಬಂದ್ಮೇಲೆ ಎತ್ತಿ ಹಿರಿಯವನ ಬಾಗಿಲಿಗೆ ಇಡಿ, ಅಲ್ಲಿ ಗಾಳಿ ಚೆನ್ನಾಗಿದೆ. ಆಮೇಲೆ ಮತ್ತೆ ಎತ್ತಿ. ಎತ್ತೋಕೆ ನಾಲ್ಕು ಜನ ಬೇಕು, ಹಾಗಾಗಿ ನೀವು ನಾಲ್ವರೂ ಇದೇ ದ್ವೀಪದಲ್ಲಿರ್ಬೇಕು. ಹೂಂ, ಎತ್ತಿ."

"ಮೊದ್ಲು ಹೊರಗೆ ಬಾ ಅವ್ವ" ಅಂದ ದೆಲ್ಫಿನ್.

"ಹೇಗೆ ಬರ್ಲಿ? ಒದ್ದೆ ಲಂಗ ಬದಲಾಯಿಸ್ತಿದೀನಿ. ಹಾಗೇ ಎತ್ತಿ, ನಾನು ಒಳಗೇ ನಡೀತೀನಿ."

ನಾವು ನಾಲ್ವರೂ ಒಂದೊಂದು ಮೂಲೆ ಹಿಡಿದು ಎತ್ತಿದೆವು. ಗೋಡೆ ಮೊಣಕಾಲಿನಷ್ಟು ಮೇಲೆ ಬಂತು. ಅದರ ಕೆಳಗೆ ಅತ್ತೆಯ ಎರಡು ಬರಿಗಾಲು ಕಂಡವು. ಮನೆ ಹೊರಟ ಕಡೆಗೆ, ಮನೆಯ ಹೆಜ್ಜೆಗೆ ಸರಿಯಾಗಿ, ಒಣ ಜೊಂಡಿನ ಮೇಲೆ ಅವು ನಡೆದವು. ಒಳಗಿಂದ ಅವರು, "ಎಡಕ್ಕೆ! ಇರಿನೇಯೊ, ಎಡ ಅಂದ್ರೆ ನಿನ್ನ ಎಡ ಅಲ್ಲ, ನನ್ನ ಎಡ!" ಎಂದು ಬಯ್ಯುತ್ತಲೇ ಇದ್ದರು. ಲಿಸ್ಬೆತ್ ನೆಲಕ್ಕೆ ಬಗ್ಗಿ, ಆ ಕಾಲುಗಳ ಪಕ್ಕದಲ್ಲೇ ನಡೆಯುತ್ತ, ಅಜ್ಜಿಗೆ ದಾರಿ ಹೇಳುತ್ತಿದ್ದಳು.